ಮುಂತಾದವರು

ಒಂಬತ್ತು ವರ್ಷದ ಹಿಂದೆ ಶಿವಮೊಗ್ಗದ ಕೋಟೆಯಲ್ಲಿ ಸಂಸ್ಕೃತ ಮೇಷ್ಟ್ರು ನರಸಿಂಹಮೂರ್ತಿಗಳಿಗೆ ಶಾಲು ಹೊದಿಸಿದ್ದರು. ಮರುದಿನದ ಪತ್ರಿಕೆಯಲ್ಲಿ ಸನ್ಮಾನಿತರಲ್ಲಿ ನಾಲ್ವರ ಹೆಸರಿತ್ತು. ಐದನೆಯವರಾದ ಇವರು ‘ಮುಂತಾದವರು’ ಆಗಿದ್ದರು. ಅಂದಿನಿಂದ ಆ ಪದ ಕಂಡರೆ ಅವರಿಗೆ ಮೈಯೆಲ್ಲ ಉರಿ. ಹೆಂಡತಿ ಶಾಮಲಾ ಮಾತ್ರ ಈಗಲೂ “ಮುಂತಾದವರೇ, ಊಟಕ್ಕೆ ಬನ್ನಿ” ಎಂದೇ ಕರೆಯುತ್ತಾರೆ.

ನಿವೃತ್ತಿಯ ಮೇಲೆ ಮೇಷ್ಟ್ರು ಗಾಂಧಿ ಬಜಾರಿನಲ್ಲಿ ಯೋಗರಾಜನ ಪ್ರೆಸ್ಸಿಗೆ ಹೋಗಿ ಕರಡು ತಿದ್ದುತ್ತಾರೆ. ಕೆಂಪು ಪೆನ್ನು ಕೈಗೆ ಬಂದರೆ ವ್ಯಾಕರಣ ಹುಟ್ಟಿದ್ದೇ ತಮ್ಮ ಮನೆಯ ಜಗುಲಿಯಲ್ಲಿ ಎಂಬ ಗತ್ತು. ಭದ್ರಾವತಿಯ ಓಲ್ಡ್ ಟೌನಿನ ಒಂದು ಸಣ್ಣ ಚರ್ಚಿನವರು ಬೈಬಲ್ಲಿನ ಒಂದು ಅಧ್ಯಾಯವನ್ನು ದಪ್ಪಕ್ಷರದಲ್ಲಿ ಅಚ್ಚು ಹಾಕಿಸಲು ಕೊಟ್ಟಿದ್ದರು. ಇಸ್ರಾಯೇಲಿನ ಹನ್ನೆರಡು ಕುಲದ ನಾಯಕರು ದಿನಕ್ಕೊಬ್ಬರಂತೆ ಕಾಣಿಕೆ ತರುತ್ತಾರೆ. ಹನ್ನೆರಡೂ ಕಾಣಿಕೆ ಒಂದೇ, ಆದರೂ ಪಟ್ಟಿಯನ್ನು ಹನ್ನೆರಡು ಸಲವೂ ಪೂರ್ತಿ ಬರೆದಿದೆ. ಪುನರುಕ್ತಿ ದೋಷ, ಎಂದುಕೊಂಡರು ಮೇಷ್ಟ್ರು. ಮೊದಲ ಕುಲವನ್ನು ಉಳಿಸಿ, ಉಳಿದದ್ದಕ್ಕೆ ಗೆರೆ ಎಳೆದು, ‘ಮಿಕ್ಕ ಹನ್ನೊಂದು ಕುಲದವರೂ ಇದನ್ನೇ ತಂದರು’ ಎಂದು ಸೇರಿಸಿದರು. ಪಾಪ, ಬರೆದವನಿಗೆ ಒಳ್ಳೆಯ ಮೇಷ್ಟ್ರು ಸಿಕ್ಕಿರಲಿಲ್ಲ ಎಂದು ಮರುಕವನ್ನೂ ಪಟ್ಟರು.

ಶನಿವಾರ ಬೆಳಿಗ್ಗೆ, ಅಚ್ಚಾದ ಪುಸ್ತಿಕೆ ಹಿಡಿದು ಆ ಚರ್ಚಿನ ಸೆಲ್ವಮೇರಿ ಪ್ರೆಸ್ಸಿಗೆ ಬಂದರು.

“ಸಾರ್, ನಫ್ತಾಲಿ ಕುಲ ಎಲ್ಲಿ?”

“ಅವರದ್ದೂ ಅದೇ ಬೆಳ್ಳಿ ತಟ್ಟೆ, ಅದೇ ಹೋರಿ ಅಲ್ವೇನಮ್ಮ. ಹನ್ನೆರಡು ಸಲ ಯಾಕೆ?”

“ಅದೇ ತಟ್ಟೆ ಸಾರ್. ಆದ್ರೆ ಅವ್ರೂ ತಂದ್ರಲ್ಲ. ಮೊದ್ಲು ಬಂದೋರಿಗೆ ಎಷ್ಟು ಸಾಲೋ ಕೊನೇಲಿ ಬಂದೋರಿಗೂ ಅಷ್ಟೇ ಸಾಲು. ನಾಳೆ ಹನ್ನೆರಡು ಜನ ಒಂದೊಂದು ಕುಲದ್ದು ಓದ್ತೀವಿ. ನಂದು ಕೊನೇದು, ನಫ್ತಾಲಿ. ಐವತ್ತು ವರ್ಷ ಆದ್ಮೇಲೆ ಅಕ್ಷರ ಕಲ್ತಿದೀನಿ, ಬೈಬಲ್ಲಿನ ಸಣ್ಣಕ್ಷರ ಕಾಣಲ್ಲ. ಎಲ್ರ ಮುಂದೆ ಓದೋದು ಇದೇ ಮೊದ್ಲು. ಈಗ ಏನು ಓದ್ಲಿ?”

ಮೇಷ್ಟ್ರು ಪುಸ್ತಿಕೆಯನ್ನು ಇಸಿದುಕೊಂಡು ತಿರುವಿ ನೋಡಿದರು. ಒಂದು ಹೆಸರಿಗಾಗಿ ಒಂಬತ್ತು ವರ್ಷ ಮುಖ ಊದಿಸಿಕೊಂಡಿದ್ದ ಮಹಾಶಯರು ಒಂದೇ ಗೆರೆಯಲ್ಲಿ ಹನ್ನೊಂದು ಕುಲಗಳನ್ನು ಮುಂತಾದವರನ್ನಾಗಿ ಮಾಡಿದ್ದರು. ನಾಚಿಕೆಯಾಯಿತು.

“ಫೈಲಲ್ಲೂ ತೆಗೆದುಬಿಟ್ಟಿದೀನಿ ಸಾರ್. ಮಷಿನ್ನಲ್ಲಿ ಲಗ್ನಪತ್ರಿಕೆ ಕೂತಿದೆ, ಇವತ್ತು ಆಗಲ್ಲ” ಎಂದ ಯೋಗರಾಜ.

ಮೇಷ್ಟ್ರು ತಾವೇ ಗೆರೆ ಎಳೆದಿದ್ದ ಕರಡನ್ನು ಮುಂದಿಟ್ಟುಕೊಂಡು ಕೈಯಲ್ಲೇ ಬರೆಯಲು ಕೂತರು. ಮೂರನೆಯ ಕುಲಕ್ಕೆ ಪಟ್ಟಿ ಬಾಯಿಪಾಠವಾಯಿತು, ಏಳನೆಯದಕ್ಕೆ ‘ಇತ್ಯಾದಿ’ ಎಂದು ಬರೆಯಲು ಕೈ ತುರಿಸಿತು. ಹನ್ನೆರಡನೆಯದನ್ನು ಎಲ್ಲಕ್ಕಿಂತ ದಪ್ಪಗೆ ಬರೆದರು.

ಭಾನುವಾರ ಭದ್ರಾವತಿಯ ಬಸ್ಸು ಹತ್ತಿ ಹೋಗಿ ಚರ್ಚಿನ ಕೊನೆಯ ಬೆಂಚಿನಲ್ಲಿ ಕೂತರು. ಸೆಲ್ವಮೇರಿ ಸಾಲಿನ ಕೆಳಗೆ ಬೆರಳಿಟ್ಟು, ತಡವರಿಸುತ್ತ, ಒಂದಕ್ಷರವನ್ನೂ ಬಿಡದೆ ಓದಿದರು. ಹನ್ನೆರಡನೆಯ ಸಲ ಬಂದ ಅದೇ ಬೆಳ್ಳಿ ತಟ್ಟೆಗೆ ಮೇಷ್ಟ್ರ ಕಣ್ಣು ಒದ್ದೆಯಾಯಿತು.

ಪತ್ರಿಕೆಗೆ ವರದಿ ಬರೆದುಕೊಡಿ ಎಂದು ಚರ್ಚಿನವರು ಕೇಳಿದರು. ಓದಿದ ಹನ್ನೆರಡೂ ಜನರ ಹೆಸರನ್ನು ಇನಿಷಿಯಲ್ ಸಮೇತ ಬರೆದ ಮೇಲೆ ಕೊನೆಯ ಬೆಂಚಿನ ಅತಿಥಿಯೊಬ್ಬರು ಉಳಿದರು. ಮೇಷ್ಟ್ರು ಸ್ವಲ್ಪ ಹೊತ್ತು ಪೆನ್ನು ಕಚ್ಚಿ ಕೂತರು.

ಮಂಗಳವಾರ ಶಾಮಲಾ ಪತ್ರಿಕೆಯನ್ನು ಗಟ್ಟಿಯಾಗಿ ಓದಿದರು. “ಹನ್ನೆರಡು ಹೆಸರಾದ್ಮೇಲೆ ‘ಮುಂತಾದವರು ಉಪಸ್ಥಿತರಿದ್ದರು’ ಅಂತಿದೆ. ಯಾರ್ರೀ ಇವರು?”

“ನಾನೇ ಮಾರಾಯ್ತಿ. ಈ ಸಲ ನಾನೇ ಬರ್ಕೊಂಡಿದ್ದು.”