ಕಡಲು ನೋಡಿದ್ದೇನೆ ಅಂತ ಬರಿ

1971ರಲ್ಲಿ ಏಳನೇ ಕ್ಲಾಸಿಗೇ ಶಾಲೆ ಬಿಟ್ಟ ಮರಗೆಲಸದವನು ನಾನು. ಮೊನ್ನೆ ಶುಕ್ರವಾರ ದೋಹಾದ ಮನೆಯಲ್ಲಿ ಮಗಳು, ಅಪ್ಪನ ಬಗ್ಗೆ ತಾನು ಬರೆದ ಇಂಗ್ಲಿಷ್ ಪ್ರಬಂಧವನ್ನು ಕನ್ನಡ ಮಾಡಿ ಓದಿದಳು: “ಪಪ್ಪ ಲೋಕ ಎಕ್ಸ್‌ಪ್ಲೋರ್ ಮಾಡ್ಲಿಕ್ಕೆ ಊರು ಲೀವ್ ಮಾಡಿದ್ರು.”

“ಎಕ್ಸ್‌ಪ್ಲೋರ್ ಅಂದ್ರೆ ಎಂತ ಮಗಾ?” ಎಂದೆ.

“ಹೊಸ ಜಾಗ ಎಲ್ಲ ಹುಡುಕಿ ನೋಡುದು. ಬುಕ್ಕಲ್ಲಿ ಲೀವ್ ಮಾಡಿದವ್ರೆಲ್ಲ ಎಕ್ಸ್‌ಪ್ಲೋರ್ ಮಾಡ್ತಾರೆ. ನೀವು ಎಂತೆಲ್ಲ ನೋಡಿದ್ರಿ, ಪಪ್ಪ?”

ನಾನು ಊರು ಬಿಟ್ಟು ಬಂದದ್ದು ದುಡಿಯಲು. ಇಲ್ಲಿಗೆ ಬಂದ ಈ ಹದಿನಾರು ವರ್ಷದಲ್ಲಿ ಮದೀನತ್ ಖಲೀಫಾ ಬಡಾವಣೆಯ ಎಷ್ಟೋ ವಿಲ್ಲಾಗಳನ್ನು ನೋಡಿದ್ದೇನೆ, ಬಾಗಿಲು ಕೂರಿಸುವವರೆಗೆ ಮಾತ್ರ. “ಕಡಲು ನೋಡಿದ್ದೇನೆ ಅಂತ ಬರಿ” ಎಂದೆ. ಅಲ್ ವಕ್ರಾದ ದಡದಲ್ಲಿ ನಿಂತರೂ ನನಗೆ ಕಾಣುವುದು ನಮ್ಮೂರು ಉಳ್ಳಾಲದ ಕಡಲೇ ಎಂದು ಹೇಳಲಿಲ್ಲ.

ಈಗ ನನಗಿರುವುದು ಒಂದು ವರ್ಕ್‌ಶಾಪ್, ಆರು ಕೆಲಸಗಾರರು, ನಾನು ಲೋಕ ನೋಡಿದವನೆಂದು ನಂಬಿರುವ ಒಬ್ಬ ಮಗಳು.