ಈಶಪ್ಪನ ಕುಂಟು ಹೊತ್ತ ಪ್ರಾಣಿ

ನಮ್ಮ ಮಹಡಿ ಮೆಟ್ಟಿಲನ್ನು ಯಾರು ಹತ್ತಿದರೂ ಕೂತಲ್ಲೇ ಹೆಸರು ಹೇಳುತ್ತೇನೆ. ಅಶ್ವತ್ಥಮ್ಮನ ಕಿವಿ ಎಂದರೆ ಬಾಗಲಗುಂಟೆಗೇ ಗೊತ್ತು. ಮೇಲಿನ ಬಾಡಿಗೆ ಕೋಣೆಯ ಈಶಪ್ಪನದು ಒಂದು ಗಟ್ಟಿ ಹೆಜ್ಜೆ, ಆಮೇಲೆ ಒಂದು ಎಳೆತ. ಯಾದಗಿರಿ ಕಡೆಯವನು. ಕಟ್ಟಡದ ಸಾರುವೆಯಿಂದ ಬಿದ್ದು ಮುರಿದ ಎಡಗಾಲು ಅಡ್ಡಾದಿಡ್ಡಿ ಕೂಡಿಕೊಂಡಿತ್ತು. "ಇಂಗೆ ಎಳ್ಕೊಂಡು ಓಡಾಡ್ಬೇಡ, ಆಸ್ಪತ್ರೆಗೆ ಓಗಯ್ಯ" ಎಂದು ಎಷ್ಟು ಗದರಿದರೂ ನಕ್ಕುಬಿಡುತ್ತಿದ್ದ. ಆ ನಗು ನೋಡಿದರೆ ನನಗೆ ಮೈಯೆಲ್ಲ ಉರಿಯುತ್ತಿತ್ತು. ಅವನ ಹೆಂಡತಿ ಶರಣಮ್ಮನಿಗೆ ಇದ್ದದ್ದು ಒಂದೇ ಆಸೆ, ಗಂಡ ಮೊದಲಿನಂತೆ ನಡೆಯಬೇಕು.

ನಮ್ಮ ಹಿತ್ತಲ ಶೆಡ್ಡಿನಲ್ಲಿ ಪಾರ್ಕುಗಳಿಗೆ ಫೈಬರ್ ಆನೆ, ಜಿಂಕೆ ಮಾಡುತ್ತಾರೆ. ಈಶಪ್ಪನಿಗೆ ಅಲ್ಲೇ ಕೆಲಸ. ಯಾವ ಪ್ರಾಣಿಯನ್ನು ನಿಲ್ಲಿಸುವ ಮೊದಲೂ ತಾನೇ ಅದರಂತೆ ಕೈಕಾಲು ಊರಿ ನಡೆದು ನೋಡುವುದು ಅವನ ಪದ್ಧತಿ. ಹಸುವಾದಾಗ ನಾವೆಲ್ಲ ಹೊಟ್ಟೆ ಹುಣ್ಣಾಗುವಷ್ಟು ನಕ್ಕಿದ್ದೆವು.

ಆಮೇಲೆ ವಸ್ತುಸಂಗ್ರಹಾಲಯದಿಂದ ನಿವೇದಿತಾ ಮೇಡಂ ಬಂದರು. ಮನುಷ್ಯ ಹುಟ್ಟುವ ಮೊದಲೇ ಅಳಿದುಹೋದ ಯಾವುದೋ ಮಾಂಸಾಹಾರಿ ಪ್ರಾಣಿಯ ಎಲುಬುಗಳ ಪಡಿಯಚ್ಚನ್ನು ಫೈಬರಿನಲ್ಲಿ ತೆಗೆಸಿ ತಂದಿದ್ದರು. ಅವನ್ನು ಜೋಡಿಸಿ ನಡೆಯುವ ಭಂಗಿಯಲ್ಲಿ ನಿಲ್ಲಿಸಬೇಕಿತ್ತು.

"ಮೊಣಕೈ ಹಿಂದಿನ ಈ ಗಂಟು ನೋಡಿ, ಮುಂದಕ್ಕೆ ಬಾಗಿದೆ. ಇದು ನಾಯಿ ಥರ ಓಡ್ತಿರ್ಲಿಲ್ಲ, ಮೈ ತಗ್ಗಿಸ್ಕೊಂಡು ನಡೀತಿತ್ತು" ಎಂದರು ಮೇಡಂ. "ಮುಂಗೈ ಎಲುಬಿನ ತಲೆ ದುಂಡಗಿದೆ. ಅಂದ್ರೆ ಪಂಜ ತಿರುಗಿಸಿ ತಬ್ಬಿ ಹಿಡಿಯುತ್ತೆ. ಅಟ್ಟಿಸ್ಕೊಂಡು ಹೋಗಲ್ಲ, ಹತ್ತಿರ ಬಂದು ಕಾಯುತ್ತೆ."

ಸತ್ತು ಹೋದದ್ದು ಕಾಯುತ್ತೆ ಎಂದರೆ ಏನರ್ಥ? ನನಗೆ ಹಿಡಿಸಲಿಲ್ಲ.

ಈಶಪ್ಪ ಮೊಣಕೈ ಮಡಚಿ, ಹೊಟ್ಟೆ ನೆಲಕ್ಕೆ ತಾಗುವಂತೆ ಶೆಡ್ಡಿನ ಉದ್ದಕ್ಕೂ ಹರಿದ. ಈ ಸಲ ಯಾರೂ ನಗಲಿಲ್ಲ. ನಮ್ಮ ನಾಯಿ ಮಂಚದಡಿ ಸೇರಿ, ಅನ್ನ ಹಾಕಿದರೂ ಹೊರಗೆ ಬರಲಿಲ್ಲ.

ಅಸ್ಥಿಪಂಜರ ಎದ್ದು ನಿಂತ ಸಂಜೆ ಮೆಟ್ಟಿಲ ಮೇಲೆ ಸಮನಾದ ಹೆಜ್ಜೆ ಕೇಳಿಸಿತು. ಯಾರಪ್ಪಾ ಹೊಸಬ ಎಂದು ಇಣುಕಿದರೆ ಈಶಪ್ಪ! ಎಳೆತವಿಲ್ಲ, ನೋವಿಲ್ಲ. ಶರಣಮ್ಮ ಅಳುತ್ತಾ ನಗುತ್ತಾ ನನ್ನ ಬಾಯಿಗೆ ಸಕ್ಕರೆ ಹಾಕಿದಳು.

ಮರುದಿನ ಮೇಡಂ ಅಸ್ಥಿಪಂಜರದ ಸುತ್ತ ನಡೆದು ನೋಡಿ ಹುಬ್ಬು ಗಂಟಿಕ್ಕಿದರು. "ಈಶಪ್ಪನವರೇ, ಎಡ ಹಿಂಗಾಲು ಎಳೀತಾ ಇದೆಯಲ್ಲ! ಕುಂಟೋ ಪ್ರಾಣಿಯಾಗಿದ್ರೆ ಆ ಕಾಲಿನ ಎಲುಬು ತೆಳ್ಳಗಾಗಿರ್ಬೇಕಿತ್ತು. ಎರಡೂ ಒಂದೇ ಸಮ ಇವೆ. ನಾಳೆ ಲಾರಿ ಬರೋಷ್ಟರಲ್ಲಿ ಸರಿ ಮಾಡಿ."

ತನ್ನ ಮೈಯಲ್ಲಿ ನಡೆದು ನೋಡಿದವನು ತನ್ನ ಕುಂಟನ್ನೇ ಅದಕ್ಕೆ ಕಟ್ಟಿಬಿಟ್ಟಿದ್ದ.

"ಅದನ್ನ ಮುಟ್ಟಬ್ಯಾಡ್ರಿ, ನಿಮ್ಮ ಕಾಲ್ ಹೋಗ್ತದ" ಎಂದು ಮಧ್ಯಾಹ್ನ ಊಟಕ್ಕೆ ಮೇಲೆ ಬಂದ ಗಂಡನ ಕೈಯನ್ನು ಶರಣಮ್ಮ ಹಿಡಿದಳು.

"ಬಿಡಯ್ಯ, ಸತ್ತ ಪ್ರಾಣಿ ಬಂದು ಕೇಳ್ತದಾ?" ಎಂದೆ ನಾನೂ.

ಈಶಪ್ಪ ತನ್ನ ಎಡಗಾಲನ್ನು ಒಮ್ಮೆ ಸವರಿದ. "ಅದರ ಎಲುಬು ಗಟ್ಟಿ ಅದ ಅಕ್ಕಾರ. ನನ್ನ ನೋವು ಅದ್ಯಾಕ ಹೊರಬೇಕು?" ಎಂದು ಸ್ಪ್ಯಾನರ್ ಹಿಡಿದು, ಮೆಟ್ಟಿಲನ್ನು ಚಕಚಕನೆ ಇಳಿದುಹೋದ.

ಸಂಜೆ ಮೇಲಿನ ಕೋಣೆಯಲ್ಲಿ ಶರಣಮ್ಮನ ಜೊತೆ ಅವರೆಕಾಯಿ ಸುಲಿಯುತ್ತಾ ಕುಳಿತೆ. ಇಬ್ಬರ ಕಿವಿಯೂ ಮೆಟ್ಟಿಲ ಮೇಲೇ ಇತ್ತು. ಹೆಜ್ಜೆ ಬಂತು. ಮೆತ್ತಗೆ, ಸಮನಾಗಿ, ಎಳೆತವೇ ಇಲ್ಲದೆ.

"ಅಕ್ಕಾರ, ಕಾಲ್ ಉಳೀತು!" ಶರಣಮ್ಮ ಎದ್ದು ಓಡಿ ಬಾಗಿಲನ್ನು ಪೂರ್ತಿ ತೆರೆದಳು.

ಹೊರಗೆ ಯಾರೂ ಇರಲಿಲ್ಲ. ಗಾಳಿಯೂ ಇರಲಿಲ್ಲ. ಆದರೂ ಅವಳ ಸೀರೆಯ ಅಂಚು ಏನೋ ಸವರಿಕೊಂಡು ಹೋದಂತೆ ಒಳಕ್ಕೆ ಸರಿಯಿತು.

ಆಗ ಕೆಳಗಿನ ಮೆಟ್ಟಿಲಲ್ಲಿ ಸದ್ದಾಯಿತು. ಒಂದು ಗಟ್ಟಿ ಹೆಜ್ಜೆ, ಆಮೇಲೆ ಒಂದು ಎಳೆತ.

"ಸರಿ ಮಾಡಿ ಬಂದೀನಿ" ಎಂದ ಈಶಪ್ಪ, ಗೋಡೆ ಹಿಡಿದು ಹತ್ತುತ್ತಾ. "ಈಗ ಅದು ಛಲೋ ನಡೀತದ."

ನಮ್ಮ ಬೆನ್ನ ಹಿಂದೆ, ಕೋಣೆಯ ಮೂಲೆಯಲ್ಲಿ ಗುಡ್ಡೆ ಹಾಕಿದ್ದ ಅವರೆ ಸಿಪ್ಪೆ ಸರಬರ ಎಂದು, ಸುಮ್ಮನಾಯಿತು.