ಕಾಯಿಲೆ ಇಲ್ಲದ ರೋಗಿ

ಅವಳ ಎಡತೋಳಿನ ಮೇಲೆ ದಾಕಿನ ಕಲೆ ಎರಡಿದ್ದವು. ಒಂದರ ಪಕ್ಕ ಒಂದು, ಹಳೇ ನಾಲ್ಕಾಣೆಯಷ್ಟು ಅಗಲ, ನಡುವೆ ತಗ್ಗು, ಅಂಚಿನಲ್ಲಿ ನೆರಿಗೆ. ಎಳವೆಯಲ್ಲಿ ಸಿಡುಬು ಬಾರದಿರಲೆಂದು ಚುಚ್ಚಿದ್ದು. ತೋಳು ತುಂಬಿಕೊಂಡ ಹಾಗೆ ಕಲೆಗಳೂ ಹಿಗ್ಗಿ ರವಿಕೆಯ ತೋಳಿನ ಕೆಳಗೆ ಸದಾ ಇಣುಕುತ್ತಿದ್ದವು. ಅವಳು ಗೇಟಿನ ಪಕ್ಕದ ಕಲ್ಲಿನ ಮೇಲೆ ಕೂತು ಅವರೆಕಾಯಿ ಸುಲಿಯುತ್ತಿದ್ದರೆ ಬೀದಿಯ ಮಕ್ಕಳು ಬಂದು ಆ ತಗ್ಗಿನಲ್ಲಿ ಬೆರಳಿಟ್ಟು ನೋಡುತ್ತಿದ್ದವು. ಅವಳು ಕಾಯಿ ಸುಲಿಯುವುದು ಬಿಡದೆ ತೋಳನ್ನು ಮಾತ್ರ ಅವುಗಳ ಕಡೆ ತಿರುಗಿಸುತ್ತಿದ್ದಳು.

ನನಗೂ ದಾಕು ಹಾಕಿಸಿದ್ದರು. ಆದರೆ ನಮ್ಮ ತಂದೆ ಮುಂದಾಲೋಚನೆಯವರು. ಮಗಳು ಕಾನ್ವೆಂಟಿಗೆ ಹೋಗುವವಳು, ನಾಳೆ ಸ್ಲೀವ್‌ಲೆಸ್ ಹಾಕಿದರೆ ಕಲೆ ಕಾಣಬಾರದು ಎಂದು ತೊಡೆಗೆ ಹಾಕಿಸಿದರು. ಸ್ಲೀವ್‌ಲೆಸ್ ನಾನು ಹಾಕಲೇ ಇಲ್ಲ. ನನ್ನ ಕಲೆಯನ್ನು ಯಾರೂ ಮುಟ್ಟಿ ನೋಡಲೂ ಇಲ್ಲ. ಅವಳ ಮೇಲಿದ್ದ ನನ್ನ ಹೊಟ್ಟೆಕಿಚ್ಚು ಆ ಎರಡು ಕಲೆಗಳನ್ನೂ ಬಿಟ್ಟಿರಲಿಲ್ಲ ಅಂದರೆ ಉಳಿದದ್ದನ್ನು ನೀವೇ ಊಹಿಸಿಕೊಳ್ಳಿ.

ಅವಳು ನಮ್ಮ ಪಕ್ಕದ ಮನೆಯಾಕೆ. ಚಿಂತಾಮಣಿ ಕಡೆಯವರು, ಮುರುಗಮಲ್ಲದ ಹತ್ತಿರ ಜಮೀನು. ಗಂಡ ಹೆಂಡತಿ ಇಬ್ಬರೇ ಚಿಕ್ಕಬಳ್ಳಾಪುರಕ್ಕೆ ಬಂದು ಮನೆ ಕಟ್ಟಿಕೊಂಡಿದ್ದರು. ಮನೆಯೊಳಗೆ ತೆಲುಗು, ಗೇಟಿನ ಬಳಿ ಕನ್ನಡ. ಎಪ್ಪತ್ತು ದಾಟಿದರೂ ಅವಳ ಕೂದಲು ಕಪ್ಪಗೇ ಇತ್ತು, ಅದೂ ಡೈ ಇಲ್ಲದೆ. ಹೂವಿನವಳು ನನಗೆ ಮೊಳ ಅಳೆದು ಕೊಟ್ಟರೆ ಅವಳಿಗೆ ಅಳೆದ ಮೇಲೆ ಇನ್ನಷ್ಟು ಬಿಟ್ಟು ಕತ್ತರಿಸುತ್ತಿದ್ದಳು. ಹಾಲಿನವನು ನನ್ನ ಗೇಟಿನಲ್ಲಿ "ನಮಸ್ಕಾರ ಮೇಡಂ" ಅಂದು ಹೊರಟುಹೋಗುವನು. ಅವಳ ಗೇಟಿನಲ್ಲಿ ಸೈಕಲ್ ಸ್ಟ್ಯಾಂಡ್ ಹಾಕಿ ನಿಂತು ಅತ್ತೆ ಸೊಸೆ ಜಗಳವೆಲ್ಲ ಹೇಳಿಕೊಳ್ಳುವನು. ನನ್ನನ್ನು ಅವಳು ಕರೆಯುತ್ತಿದ್ದದ್ದು ಕಾನ್ವೆಂಟಮ್ಮ ಎಂದು. ಮೊದಲು ತಮಾಷೆಗೆ ಅಂದದ್ದು. ಆಮೇಲೆ ಅದೇ ನನ್ನ ಹೆಸರಾಯಿತು.

ಕೊರೊನಾ ಲಸಿಕೆ ಬಂದ ಹೊಸತು. ಅರವತ್ತು ದಾಟಿದವರಿಗೆ ಸರ್ಕಾರಿ ಆಸ್ಪತ್ರೆಯಲ್ಲಿ ಹಾಕುತ್ತಿದ್ದರು. ನಾನು ಹೊರಡುವಾಗ ಕಾಂಪೌಂಡಿನಿಂದ ಕೂಗಿ ಕೇಳಿದೆ, "ಬರ್ತೀಯೇನೇ?" ಎಂದು. ಅವಳು ಒಳಗೆ ತಿರುಗಿ ನೋಡಿ, ಸೆರಗಿನಲ್ಲಿ ಕೈ ಒರೆಸಿಕೊಂಡು, ಚಪ್ಪಲಿ ಮೆಟ್ಟಿ ಬಂದೇಬಿಟ್ಟಳು. ದಾರಿಯಲ್ಲಿ ಹೇಳಿದಳು: "ನಮ್ಮೆಜಮಾನ್ರಿಗೆ ಹೇಳಿಲ್ಲ ಕಣೇ. ಬೇಡ ಅಂತ ಕೂತವ್ರೆ. ನೀನೂ ಹೇಳ್ಬೇಡ."

ಆಕೆಯ ಯಜಮಾನರ ವಾದ ಇಡೀ ಬೀದಿಗೆ ಗೊತ್ತಿತ್ತು. ಎತ್ತರದ ಆಳು, ಎತ್ತರದ ಗಂಟಲು. "ನಮ್ ತಾತ ತೊಂಬತ್ತು ವರ್ಷ ಬದುಕಿದ, ಯಾವ ಸೂಜಿ ಚುಚ್ಚಿಸ್ಕಂಡಿದ್ದ? ಮೊದ್ಲು ನಮ್ಮೋರು ಯಾರಾದ್ರೂ ಒಬ್ರು ಹಾಕಿಸ್ಕಂಡು ಚೆನ್ನಾಗಿರ್ಲಿ. ಆಮೇಲೆ ಚೂದ್ದಾಂ ಲೇ," ನೋಡೋಣ ಬಿಡು, ಎನ್ನುತ್ತಿದ್ದರು. ನಾನು ಹಾಕಿಸಿಕೊಂಡು ಬಂದು, "ನೋಡಿ, ನನಗೇನಾಗಿದೆ?" ಎಂದಾಗ ಜೋರಾಗಿ ನಕ್ಕರು: "ನಿಮ್ದು ಇಂಗ್ಲಿಷ್ ಓದಿರೋ ಮೈ ಬಿಡಮ್ಮ. ಅದಕ್ಕೆ ಒಗ್ತದೆ."

ಅವರು ಹೀಗೆ ಹೇಳುವಾಗ ಅವಳು ಬಾಗಿಲ ಹಿಂದೆಯೇ ನಿಂತಿದ್ದಳು. ಚುಚ್ಚಿಸಿಕೊಂಡ ತೋಳು ನೋಯುತ್ತಿತ್ತು. ಯಾಕೆ ಹಾಗೆ ಹಿಡಿದುಕೊಂಡಿದ್ದೀಯ ಎಂದು ಅವರು ಕೇಳಿದರೆ, "ಮುದ್ದೆ ತಿರುವಿ ತಿರುವಿ ಹಿಡ್ಕಂಡೈತೆ" ಎಂದಳಂತೆ.

ಎರಡನೇ ಅಲೆ ಬಂದಾಗ ಆ ಮನೆಗೂ ಬಂತು. ಅವಳಿಗೆ ಜ್ವರ ಬಂದು ಹೋಯಿತು. ಅವರನ್ನು ಆಂಬುಲೆನ್ಸಿನಲ್ಲಿ ಕರೆದುಕೊಂಡು ಹೋದರು, ಅವರು ತಿರುಗಿ ಬರಲಿಲ್ಲ. ಮುಖ ನೋಡಲು ಕೂಡ ಅವಳಿಗೆ ಸಿಗಲಿಲ್ಲ.

ಅದಾದ ಮೇಲೆ ಬಹಳ ದಿನ ಅವಳು ಗೇಟಿಗೆ ಬರಲಿಲ್ಲ. ಬಂದಾಗ ನನ್ನ ಹತ್ತಿರ ಮಾತಿಲ್ಲ. ನಾನೇ ಹೋಗಿ ಕೇಳಿದೆ, ಏನೇ ನನ್ನ ಮೇಲೆ ಸಿಟ್ಟು ಎಂದು. ಅವರೆಕಾಯಿ ಬುಟ್ಟಿಯಿಂದ ತಲೆ ಎತ್ತದೆ ಹೇಳಿದಳು: "ನಿನ್ನಿಂದ ಉಳ್ಕಂಡೆ ಕಣೇ. ಅದಕ್ಕೇ ಸಿಟ್ಟು." ಆಮೇಲೆ ಒಂದು ಹಿಡಿ ಕಾಯಿ ನನ್ನ ಮಡಿಲಿಗೆ ಹಾಕಿ, "ಸುಲಿ" ಎಂದಳು.

ಇದೆಲ್ಲ ಹಿಂದಿನ ಮಾತು. ನಾನು ಹೇಳಬೇಕೆಂದಿರುವುದು ಅವಳ ಆಕ್ಟಿಂಗ್ ಬಗ್ಗೆ.

ಊರಾಚೆ ಹೊಸದಾಗಿ ಶುರುವಾಗಿದ್ದ ಮೆಡಿಕಲ್ ಕಾಲೇಜಿನ ಒಬ್ಬ ಲೇಡಿ ಪ್ರೊಫೆಸರ್ ನಮ್ಮ ಬೀದಿಗೆ ಬಾಡಿಗೆಗೆ ಬಂದರು. ಚಿಕ್ಕ ವಯಸ್ಸು, ಒಳ್ಳೆಯ ಮ್ಯಾನರ್ಸ್. ಒಂದು ಸಂಜೆ ನನ್ನ ಮನೆಗೆ ಬಂದು, "ಮೇಡಂ, ನಮ್ಮ ಸ್ಟೂಡೆಂಟ್ಸ್‌ಗೆ ರೋಗಿಗಳ ಹತ್ತಿರ ಮಾತಾಡೋದು ಕಲಿಸಬೇಕು. ಅದಕ್ಕೆ ರೋಗಿಯ ಹಾಗೆ ಆಕ್ಟ್ ಮಾಡೋರು ಬೇಕು. ನಿಮಗೆ ಇಂಗ್ಲಿಷೂ ಬರುತ್ತೆ, ಪೇಷನ್ಸೂ ಇದೆ" ಎಂದರು. ಕೇಳಿದ್ದು ನನ್ನನ್ನು. ನನ್ನ ಮನೆಯಲ್ಲಿ ಕೂತು, ನನ್ನ ಕಾಫಿ ಕುಡಿದು ಕೇಳಿದ್ದು. ಕಾಂಪೌಂಡಿನ ಆಚೆಯಿಂದ ಒಂದು ತಲೆ ಮೇಲೆದ್ದಿತು.

"ಏಂಟಮ್ಮಾ ಅದು, ಸುಳ್ಳು ಸುಳ್ಳೇ ಕಾಯಿಲೆ ಬಂದಂಗೆ ಮಾಡೋದಾ? ನಾನೂ ಬರ್ತೀನಿ. ನನ್ ಮಖ ನೋಡಿ ಸೇರಿಸ್ಕೊಳಮ್ಮ."

ಅವಳ ಮುಖ ನೋಡಿ ಇಲ್ಲ ಅಂದವರನ್ನು ನಾನು ಕಂಡಿಲ್ಲ.

ಕಾಲೇಜಿನಲ್ಲಿ ನನಗೆ ಕೊಟ್ಟದ್ದು ಮೈಗ್ರೇನ್. ಹಣೆ ಹಿಡಿದುಕೊಂಡು ಕೂರುವುದು, ಲೈಟ್ ಆರಿಸಿ ಅನ್ನುವುದು. ಅದರಲ್ಲಿ ಆಕ್ಟಿಂಗಿಗೆ ಜಾಗವೆಲ್ಲಿದೆ? ಅವಳಿಗೆ ಕೊಟ್ಟದ್ದು ಲಸಿಕೆ ಬೇಡ ಅನ್ನುವ ಮುದುಕಿಯ ಪಾತ್ರ. ಇನ್ನೊಂದು ಸಾಂಕ್ರಾಮಿಕ ಬಂದರೆ ಇಂಥವರನ್ನು ಒಪ್ಪಿಸಲು ಮಕ್ಕಳು ಈಗಲೇ ಕಲಿಯಬೇಕು ಎಂದರು ಪ್ರೊಫೆಸರ್. ಒಂದೇ ರೂಲ್: ವಿದ್ಯಾರ್ಥಿ ಏನೇ ಹೇಳಲಿ, ಮುದುಕಿ ಕೊನೆಯವರೆಗೂ ಒಪ್ಪಬಾರದು. ಮಾರ್ಕ್ಸ್ ಇರುವುದು ಮಾತಾಡುವ ರೀತಿಗೆ.

ಮೊದಲ ದಿನ ಅವಳು ರೋಗಿಯ ಕುರ್ಚಿಯಲ್ಲಿ ಕೂತು ಕಾಲ ಮೇಲೆ ಕಾಲು ಹಾಕಿ, ಗಂಟಲು ದಪ್ಪ ಮಾಡಿ, "ನಮ್ ತಾತ ತೊಂಬತ್ತು ವರ್ಷ ಬದುಕಿದ" ಎಂದಾಗ ನನ್ನ ಮೈ ಜುಮ್ಮೆಂದಿತು. ಕುರ್ಚಿಯಲ್ಲಿದ್ದದ್ದು ಅವಳಲ್ಲ. ಅವಳ ಯಜಮಾನರು. ಅದೇ ಮಾತು, ಅದೇ ನಗು, ಮಂಡಿ ತಟ್ಟುವುದು ಕೂಡ ಅದೇ. ಕೊನೆಗೆ ಅದೇ "ಚೂದ್ದಾಂ ಲೇ."

ವಿದ್ಯಾರ್ಥಿಗಳು ಬಂದರು, ಹೋದರು. ಒಬ್ಬ ವೈರಸ್ಸಿನ ವಿಷಯ ಹೇಳಿದ. ಒಬ್ಬಳು ಹೆದರಿಸಿ ನೋಡಿದಳು. ಒಬ್ಬ ಕಾಲಿಗೇ ಬಿದ್ದ. ಅವಳು ಎಲ್ಲರನ್ನೂ ಸೋಲಿಸಿ ಕಳಿಸುವಳು. ಹೊರಗೆ ಬಂದ ಮೇಲೆ ಅದೇ ಮಕ್ಕಳು "ಅಜ್ಜಿ ಸೂಪರ್" ಅಂತ ಸುತ್ತ ಮುತ್ತಿಕೊಳ್ಳುವರು. ಅವಳು ಬೀಗುವಳು, ಕ್ಯಾಂಟೀನಿನಲ್ಲಿ ಎರಡನೇ ವಡೆ ಕೇಳುವಳು. ನನ್ನ ಮೈಗ್ರೇನಿಗೆ "ಥ್ಯಾಂಕ್ಯೂ ಮೇಡಂ" ಅಷ್ಟೇ.

ನಾಚಿಕೆಯಿಲ್ಲದೆ ಬರೆಯುತ್ತೇನೆ: ನನಗೆ ಅವಳ ದುಃಖದ ಮೇಲೂ ಅಸೂಯೆಯಾಯಿತು. ನನ್ನವರು ಬ್ಯಾಂಕಿನವರು, ಸಕ್ಕರೆ ಕಾಯಿಲೆಯಲ್ಲಿ ಮೆಲ್ಲಗೆ ಹೋದರು. ಬದುಕಿದ್ದಷ್ಟು ದಿನ ನಾನು ಹೇಳಿದ್ದಕ್ಕೆಲ್ಲ "ಹಾಗೇ ಆಗಲಿ" ಎಂದವರು. ಅಂಥವರನ್ನು ಕುರ್ಚಿಯಲ್ಲಿ ಕೂರಿಸಿ ಏನು ಮಾತಾಡಿಸುವುದು?

ವ್ಯಾನಿನಲ್ಲಿ ಮನೆಗೆ ಬರುವಾಗ ಅವಳು ಕಿಟಕಿಯ ಕಡೆ ನೋಡಿಕೊಂಡು ಅನ್ನುವಳು: "ಇವತ್ತೂ ಒಬ್ರಿಗೂ ಬರ್ಲಿಲ್ಲ ಕಣೇ." ಏನು ಬರಲಿಲ್ಲ ಎಂದು ನಾನು ಕೇಳಬೇಕಾಗಿರಲಿಲ್ಲ. ಆ ಮನುಷ್ಯನನ್ನು ಒಪ್ಪಿಸುವ ಮಾತು ಯಾರ ಬಾಯಲ್ಲಾದರೂ ಬಂದೀತೇ ಎಂದು ಅವಳು ಕಾಯುತ್ತಿದ್ದಳು. ನಾನು ಕಾಯುತ್ತಿದ್ದದ್ದು ಬೇರೆ. ಕಾಲೇಜಿಗೆ ಇಂಟರ್‌ನ್ಯಾಷನಲ್ ಮಾನ್ಯತೆ ಕೊಡುವವರು ನೋಡಲು ಬರುವುದಿತ್ತು. ಅದು ಸಿಕ್ಕರೆ ಇಲ್ಲಿ ಓದಿದ ಮಕ್ಕಳ ಡಿಗ್ರಿಗೆ ಹೊರದೇಶದಲ್ಲೂ ಬೆಲೆ. ಹೊರಗಿನವರ ಮುಂದೆ ಇಂಗ್ಲಿಷ್ ರೋಗಿಯೇ ಬೇಕಾಗುತ್ತದೆ. ಅಂದಮೇಲೆ ಆ ದಿನದ ಕುರ್ಚಿ ನನ್ನದು ಎಂದು ಲೆಕ್ಕ ಹಾಕಿದ್ದೆ. ಹಣೆ ಹಿಡಿದುಕೊಳ್ಳುವುದನ್ನು ಕನ್ನಡಿ ಮುಂದೆ ಅಭ್ಯಾಸವನ್ನೂ ಮಾಡಿದ್ದೆ.

ಪ್ರೊಫೆಸರ್ ಬಂದು, "ರೋಗಿಯ ಭಾಷೆಯಲ್ಲೇ ಮಾತಾಡೋದನ್ನ ಅವರು ನೋಡಬೇಕಂತೆ. ಲಸಿಕೆ ಅಜ್ಜಿಯನ್ನೇ ಇಟ್ಟಿದ್ದೀವಿ" ಎಂದರು. ಆಮೇಲೆ ನನ್ನ ಮುಖ ನೋಡಿ, "ನೀವು ಪಕ್ಕದಲ್ಲಿ ಕೂತು ಅವರಿಗೆ ಟ್ರಾನ್ಸ್‌ಲೇಟ್ ಮಾಡಿ ಮೇಡಂ. ನಿಮ್ಮಷ್ಟು ಚೆನ್ನಾಗಿ ಯಾರಿಗೆ ಬರುತ್ತೆ" ಎಂದರು.

ಅವಳ ಮಾತಿಗೆ ನನ್ನ ಬಾಯಿ. ಕಾನ್ವೆಂಟಿನಲ್ಲಿ ಸಿಸ್ಟರ್‌ಗಳು ನನ್ನ ನಾಲಿಗೆಯನ್ನು ಅಷ್ಟು ತಿದ್ದಿದ್ದು ಇದಕ್ಕಾಗಿಯೇ?

ಆ ದಿನ ಅವಳು ಮದುವೆಗೆ ಹೊರಟವಳ ಹಾಗೆ ಕೆಂಪು ರೇಷ್ಮೆ ಸೀರೆ ಉಟ್ಟು ಬಂದಳು. ರೋಗಿ ಹೀಗಿರುತ್ತಾಳಾ ಅಜ್ಜಿ ಎಂದು ಪ್ರೊಫೆಸರ್ ಗಾಬರಿಯಾದರು. "ಆಸ್ಪತ್ರೆಗೆ ಹೋಗೋವಾಗ ಚೆನ್ನಾಗಿ ಉಟ್ಕಂಡು ಹೋಗ್ಬೇಕು ಕಣಮ್ಮ, ಆಗ ಡಾಕ್ಟ್ರು ಮಖ ಎತ್ತಿ ನೋಡ್ತಾರೆ" ಎಂದಳು. ನೋಡಲು ಬಂದವರಲ್ಲಿ ಬಿಳಿ ಕೂದಲಿನ ಒಬ್ಬಾಕೆ ನನ್ನ ಪಕ್ಕ ಕೂತರು. ನಾನು ಅವಳ ಮಾತನ್ನು ಮೆಲುದನಿಯಲ್ಲಿ ಇಂಗ್ಲಿಷಿಗೆ ಹಾಕುತ್ತಾ ಹೋದೆ. ಆಕೆ ನಕ್ಕರು. ನಕ್ಕದ್ದು ನನ್ನ ಇಂಗ್ಲಿಷಿಗಲ್ಲ, ಅವಳ ಮಾತಿಗೆ. ಒಮ್ಮೆಯೂ ನನ್ನ ಕಡೆ ತಿರುಗಲಿಲ್ಲ.

ಬಂದ ವಿದ್ಯಾರ್ಥಿನಿ ಸಣಕಲಿ, ದಿಬ್ಬೂರಹಳ್ಳಿಯವಳು, ಮನೆಯಲ್ಲಿ ರೇಷ್ಮೆ ಹುಳ ಸಾಕುವವರು. ಓದಿನಲ್ಲಿ ಮುಂದಿದ್ದವಳಲ್ಲ. ಆ ಹುಡುಗಿ ಕೂತು ಕೇಳಿಸಿಕೊಂಡಳು, ತಾತನ ತೊಂಬತ್ತು ವರ್ಷವನ್ನೂ ಪೂರ್ತಿ ಕೇಳಿಸಿಕೊಂಡಳು. ಕಲಿತದ್ದು ಮರೆತುಹೋಯಿತೋ ಏನೋ, ಕಡೆಗೆ ಕೋಟಿನ ತೋಳು ಸರಿಸಿದಳು.

"ಅಜ್ಜಿ, ನಮ್ಮೋರು ಒಬ್ರು ಹಾಕಿಸ್ಕೊಳ್ಲಿ ಅಂದ್ರಲ್ಲ. ನಾನು ಹಾಕಿಸ್ಕೊಂಡಿದೀನಿ ನೋಡಿ, ಇಲ್ಲೇ. ಕೈ ಎತ್ತಕ್ಕಾಗ್ದೆ ಹಿಪ್ಪುನೇರಳೆ ಸೊಪ್ಪು ಕುಯ್ಯೋಕೂ ಹೋಗ್ಲಿಲ್ಲ. ಮನೇಲಿ ಬೈದ್ರು. ಆಮೇಲೆ ಸರಿಹೋಯ್ತು. ನಿಮಗೂ ನೋಯುತ್ತೆ ಅಜ್ಜಿ, ಸುಳ್ಳು ಹೇಳಲ್ಲ. ನೋವು ಹೋಗೋವರ್ಗೂ ನಾನ್ ಬಂದು ಮುದ್ದೆ ತಿರುವಿಕೊಡ್ತೀನಿ."

ಮುದ್ದೆಯ ಮಾತು ಆ ಹುಡುಗಿಗೆ ಎಲ್ಲಿಂದ ಹೊಳೆಯಿತೋ. ನಮ್ಮ ಕಡೆ ಯಾರ ಮನೆಯಲ್ಲಿ ಮುದ್ದೆಯಿಲ್ಲ?

ಕುರ್ಚಿಯಲ್ಲಿದ್ದವಳ ಮಂಡಿ ತಟ್ಟುವ ಕೈ ನಿಂತಿತು. ಕಾಲ ಮೇಲಿನ ಕಾಲು ಕೆಳಗಿಳಿಯಿತು. ಯಜಮಾನರು ಕುರ್ಚಿಯಿಂದ ಎದ್ದುಹೋದರು, ಅವಳೊಬ್ಬಳೇ ಉಳಿದಳು. ಎಡತೋಳನ್ನು ಬಲಗೈಯಲ್ಲಿ ಹಿಡಿದುಕೊಂಡು, ಆ ಹುಡುಗಿಗೆ ಅಲ್ಲ, ಯಾರಿಗೂ ಅಲ್ಲದ ಹಾಗೆ ಅಂದಳು: "ಇಷ್ಟು ಹೇಳಕ್ಕೆ ನಂಗೆ ಬಾಯಿ ಬರ್ಲಿಲ್ವಲ್ಲ ತಾಯಿ."

ಕೋಣೆಯಲ್ಲಿ ಯಾರಿಗೂ ಅರ್ಥವಾಗಲಿಲ್ಲ. ಬಿಳಿ ಕೂದಲಿನಾಕೆ ಮೊದಲ ಸಲ ನನ್ನ ಕಡೆ ತಿರುಗಿದರು. "ವಾಟ್ ಡಿಡ್ ಶಿ ಸೇ?"

ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ಪೂರ್ತಿ ಕತೆ ಗೊತ್ತಿದ್ದದ್ದು ನನಗೊಬ್ಬಳಿಗೇ, ಅದನ್ನು ಹೇಳುವ ಇಂಗ್ಲಿಷ್ ಇದ್ದದ್ದೂ ನನಗೇ. ಹೇಳಿದ್ದರೆ ಕೋಣೆಯಲ್ಲಿ ಕಣ್ಣೀರು ಬರುತ್ತಿತ್ತು, ಅದು ನನ್ನ ಮಾತಿಗೆ ಬರುತ್ತಿತ್ತು. ವಾಕ್ಯ ನಾಲಿಗೆಯ ಮೇಲೆ ಸಿದ್ಧವಾಗಿಯೂ ಇತ್ತು. ಅವಳು ತಲೆ ಎತ್ತಿ ನನ್ನ ಕಡೆ ನೋಡಿದಳು. ಆಸ್ಪತ್ರೆಯ ದಾರಿಯಲ್ಲಿ "ನೀನೂ ಹೇಳ್ಬೇಡ" ಎಂದಾಗ ನೋಡಿದ್ದಳಲ್ಲ, ಹಾಗೆಯೇ.

"ಶಿ ಸೇಸ್ ಯೆಸ್" ಎಂದೆ.

ರೂಲ್ ಮುರಿದಿತ್ತು, ಪ್ರೊಫೆಸರ್ ತುಟಿ ಕಚ್ಚಿಕೊಂಡರು. ಬಿಳಿ ಕೂದಲಿನಾಕೆ ಮಾತ್ರ ಎದ್ದು ಹೋಗಿ ಅವಳ ಎರಡೂ ಕೈ ಹಿಡಿದುಕೊಂಡರು. ಕೆಲವು ತಿಂಗಳ ಮೇಲೆ ಕಾಲೇಜಿಗೆ ಮಾನ್ಯತೆ ಸಿಕ್ಕಿತು. ಅದಕ್ಕೆ ನೂರೆಂಟು ಕಾರಣಗಳಿರಬಹುದು. ತನ್ನಿಂದಲೇ ಸಿಕ್ಕಿದ್ದು ಎಂದು ಅವಳು ಬೀದಿಗೆಲ್ಲ ಹೇಳಿಕೊಂಡು ಬಂದಳು.

ಆ ದಿನ ವ್ಯಾನಿನಲ್ಲಿ ಕೇಳಿದಳು: "ಆಯಮ್ಮನಿಗೆ ಏನಂದೆ?"

"ಒಪ್ಪಿಕೊಂಡಳು ಅಂದೆ."

ನಮ್ಮ ಬೀದಿಯ ತಿರುವು ಬಂದಾಗ ನನ್ನ ಕೈ ಮೇಲೆ ಕೈ ಇಟ್ಟಳು. "ಒಪ್ತಿದ್ರು ಕಣೇ, ಕಾನ್ವೆಂಟಮ್ಮ. ನನ್ ತೋಳು ತೋರ್ಸಿದ್ದಿದ್ರೆ ಒಪ್ತಿದ್ರು."

ಇಲ್ಲ ಬಿಡು, ಅವರು ಹಟಮಾರಿ, ಒಪ್ಪುತ್ತಿರಲಿಲ್ಲ ಎನ್ನಬಹುದಿತ್ತು. ಅನ್ನಲಿಲ್ಲ. ಅವಳಿಗೆ ಬೇಕಾಗಿದ್ದದ್ದು ಸಮಾಧಾನವಲ್ಲ, ಅವರು ಒಪ್ಪುವುದು.

ಕಳೆದ ಕಾರ್ತೀಕದಲ್ಲಿ ಅವಳು ಹೋದಳು. ಬೆಳಗ್ಗೆ ಹೂ ಬಿಡಿಸುತ್ತಿದ್ದವಳು ಗಿಡದ ಬುಡದಲ್ಲೇ ಕೂತುಬಿಟ್ಟಿದ್ದಳು, ಎದೆಬಡಿತ ನಿಂತಿತ್ತು. ಅವಳ ಸಾವಿನ ಮೇಲೂ ನನಗೆ ಅಸೂಯೆ, ಅದನ್ನು ಬೇರೆ ಹೇಳಬೇಕಾಗಿಲ್ಲ. ಊರಿನ ಜಮೀನಿಗೆ ಒಯ್ದರು. ಕಾಲೇಜಿನ ಬಸ್ಸಿನಲ್ಲಿ ಮಕ್ಕಳು ಬಂದಿದ್ದರು. ದಿಬ್ಬೂರಹಳ್ಳಿಯ ಹುಡುಗಿ ಅಳುತ್ತಾ ಅವಳ ಎಡತೋಳಿನ ಸೆರಗು ಸರಿಮಾಡಿದಳು. ಆ ಎರಡು ಕಲೆಗಳು ಆಗಲೂ ಇಣುಕುತ್ತಿದ್ದವು. ಹೊಸಬ ಹುಡುಗನೊಬ್ಬ ನನ್ನನ್ನು ಕೇಳಿದ, "ಮೇಡಂ, ನೀವು ಅಜ್ಜಿಗೆ ಏನಾಗಬೇಕು?"

"ಟ್ರಾನ್ಸ್‌ಲೇಟರ್" ಎಂದೆ.

ಈಗ ಆ ಪಾತ್ರ ನನಗೆ ಸಿಕ್ಕಿದೆ. ಪ್ರೊಫೆಸರ್ ಫೋನಿನಲ್ಲಿ ಇನ್ನೂ ಪೂರ್ತಿ ಕೇಳುವ ಮೊದಲೇ ಆಗಲಿ ಎಂದಿದ್ದೆ. ಕುರ್ಚಿಯಲ್ಲಿ ಕೂತು ಕಾಲ ಮೇಲೆ ಕಾಲು ಹಾಕುತ್ತೇನೆ, ನಮ್ಮ ತಾತ ತೊಂಬತ್ತು ವರ್ಷ ಬದುಕಿದ ಎನ್ನುತ್ತೇನೆ, ಮಂಡಿ ತಟ್ಟುತ್ತೇನೆ. ಅವರಿಂದ ಅವಳಿಗೆ ಬಂದದ್ದು, ಅವಳಿಂದ ನನಗೆ. ನನ್ನ "ಚೂದ್ದಾಂ ಲೇ" ಕೇಳಿದರೆ ಅವಳು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು. ಮಕ್ಕಳು ಮರ್ಯಾದೆಯಿಂದ ತಮ್ಮ ತೋಳು ತೋರಿಸುತ್ತಾರೆ. ಅದನ್ನು ಈಗ ಅಲ್ಲಿ ಪಾಠವಾಗಿ ಕಲಿಸುತ್ತಾರೆ. ನಾನು ರೂಲ್ ಪ್ರಕಾರ ಕೊನೆಯವರೆಗೂ ಒಪ್ಪುವುದಿಲ್ಲ. ಅವರು ಎದ್ದು ನಿಂತು "ಥ್ಯಾಂಕ್ಯೂ ಮೇಡಂ" ಎಂದು ಹೋಗುತ್ತಾರೆ.

ಅಜ್ಜಿ ಎಂದು ಇನ್ನೂ ಒಬ್ಬರೂ ಕರೆದಿಲ್ಲ. ಕರೆದ ದಿನ ಒಪ್ಪಿಬಿಡುತ್ತೇನೆ.